ಗುರುವಾರದ ದೆವ್ವ

ದೆವ್ವದ ಸಿನಿಮಾವನ್ನು ಶುಕ್ರವಾರ ನೋಡಬೇಕು, ಗುರುವಾರ ನೋಡಬಾರದು ಎಂಬುದು ಹುಸೇನಪ್ಪನ ಅಭಿಪ್ರಾಯವಾಗಿತ್ತು. ಶುಕ್ರವಾರ ಹೊಸ ಸಿನಿಮಾ ಬಂದಾಗ ಯಾರಿಗೂ ಏನೂ ಗೊತ್ತಿರುವುದಿಲ್ಲ; ಪರದೆಯ ಮೇಲೆ ಬೆಕ್ಕು ಹಾರಿದರೂ ಬಾಲ್ಕನಿಯವರೆಗೆ ಜನ ಉಸಿರು ಹಿಡಿದು ಕೂಡುತ್ತಾರೆ. ಗುರುವಾರದ ಹೊತ್ತಿಗೆ ಊರಿಗೆಲ್ಲ ಕಥೆ ಹರಡಿ, ಎರಡನೇ ಸಲ ಬಂದವರು ಮುಂದಿನದನ್ನೆಲ್ಲ ಮೊದಲೇ ಕೂಗಿ ಹೇಳಿ, ದೆವ್ವವೇ ದಣಿದಂತೆ ಕಾಣುತ್ತದೆ. ಪುಣೆಯ ಈ ಟಾಕೀಸಿನಲ್ಲಿ ಹನ್ನೊಂದು ವರ್ಷ ಬಾಗಿಲು ಕಾಯ್ದು, ತಿಕೀಟು ಹರಿದು, ಬ್ಯಾಟರಿ ಬೆಳಕಿನಲ್ಲಿ ಜನರನ್ನು ಕುರ್ಚಿಗೆ ಮುಟ್ಟಿಸಿದವನ ಅಭಿಪ್ರಾಯ ಇದು. ಅವನು ಪರದೆಯನ್ನು ನೋಡುತ್ತಿದ್ದುದು ಮೊದಲ ಎರಡು ಆಟ ಮಾತ್ರ. ಆಮೇಲೆ ಪರದೆಗೆ ಬೆನ್ನು ಮಾಡಿ, ಅದರ ಬೆಳಕು ಬಿದ್ದ ಮುಖಗಳನ್ನು ನೋಡುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುವವನೇ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿರುತ್ತಾನೆ. ಗಂಡನನ್ನು ಬೈದುಕೊಂಡು ಒಳಗೆ ಬಂದ ಹೆಂಗಸು ಕತ್ತಲಲ್ಲಿ ಅವನ ಅಂಗಿಯ ತೋಳು ಹುಡುಕುತ್ತಾಳೆ. ದೆವ್ವ ಮುಖ ತೋರಿಸಿತೆಂದರೆ ಹೆದರಿಕೆ ಮುಗಿಯಿತು, ಆಮೇಲೆ ಉಳಿಯುವುದು ಬಣ್ಣ ಬಳಿದ ಒಬ್ಬ ನಟಿ. ಅದಕ್ಕೇ ಬುದ್ಧಿವಂತರು ದೆವ್ವವನ್ನು ಬಾಗಿಲ ಆಚೆ ನಿಲ್ಲಿಸಿ ಬರೀ ದನಿ ಕೇಳಿಸುತ್ತಾರೆ. ಕೊಲೆಯ ಸಿನಿಮಾದ ದಾರಿ ಬೇರೆ. ಅಲ್ಲಿ ಭಯ ಹೊರಗಿನಿಂದ ಬರುವುದಿಲ್ಲ, ಮನೆಯೊಳಗೇ ಚಹಾ ಕುಡಿಯುತ್ತ ಕೂತಿರುತ್ತದೆ. ಡ್ರೈವರನೋ, ಡಾಕ್ಟರನೋ, ಎಲ್ಲರಿಗೂ ಬೇಕಾದ ಮೈದುನನೋ. ಎರಡು ತಾಸು ಎಲ್ಲರೊಡನೆ ನಗುತ್ತ ಒಂದು ಸುಳ್ಳನ್ನು ಹೊತ್ತುಕೊಂಡು ತಿರುಗುವ ಅವನ ಮೇಲೆ ಹುಸೇನಪ್ಪನಿಗೆ ಎಂದೂ ಸಿಟ್ಟು ಬಂದಿರಲಿಲ್ಲ. ಪಾಪ, ಎಷ್ಟು ಸುಸ್ತಾಗಿರಬೇಕು ಅನಿಸುತ್ತಿತ್ತು.

ಈ ವಾರದ ಸಿನಿಮಾ ಸೋಮವಾರದವರೆಗೆ ಎಲ್ಲದರಂತೆಯೇ ಇತ್ತು. ಹಾಳು ಹವೇಲಿ, ಸತ್ತುಹೋದ ತಾಯಿ, ಪಟ್ಟಣದಿಂದ ಬಂದ ಮಗ. ದಿನಾ ಕತ್ತಲಾದ ಮೇಲೆ ತಾಯಿ ಬಾಗಿಲಾಚೆ ನಿಂತು ಮಗನ ಹೆಸರು ಹಿಡಿದು ಕರೆಯುತ್ತಾಳೆ. ಏಳು ದಿನ ಬಾಗಿಲು ತೆಗೆಯಬೇಡ ಎಂದು ಪೂಜಾರಿ ಹೇಳಿರುತ್ತಾನೆ. ಮಗ ಚಿಲಕಕ್ಕೆ ಕೈ ಹಾಕಿದಾಗಲೆಲ್ಲ ಸಾವಿರ ಜನ ಒಂದೇ ಗಂಟಲಿನಿಂದ ಬೇಡ, ಬೇಡ ಎಂದು ಕೂಗುತ್ತಾರೆ. ಹುಸೇನಪ್ಪ ಬಾಗಿಲ ಪರದೆಗೆ ಆತು ನಿಂತು, ಈ ನಿರ್ದೇಶಕನಿಗೆ ಕೆಲಸ ಗೊತ್ತದ ಎಂದುಕೊಂಡಿದ್ದ. ಸೋಮವಾರ ಮಧ್ಯಾಹ್ನದ ನಂತರ ಆ ಕೂಗು ಬಂದಾಗಲೆಲ್ಲ ಅವನು ಹೊರಗೆ ಹೋಗಿ ನಿಲ್ಲತೊಡಗಿದ. ಟಾಕೀಸಿನ ಚಹಾದಂಗಡಿಯ ಕಾಂತಪ್ಪ, ಕುಂದಾಪುರದ ಕಡೆಯವನು, ಕೇಳಿಯೇ ಬಿಟ್ಟ: "ಎಂತ ಮಾರಾಯ, ಬಾಗಿಲು ಕಾಯುವವನಿಗೇ ದೆವ್ವ ಹಿಡಿಯಿತಾ?"

"ಒಳಗ ಶೆಖಿ ಭಾಳ ಅದ" ಎಂದು ಹುಸೇನಪ್ಪ ಹೇಳಿದ. ಡಿಸೆಂಬರ್ ತಿಂಗಳು. ಕಾಂತಪ್ಪ ಸ್ವೆಟರು ಹಾಕಿಕೊಂಡಿದ್ದ.

ಸೋಮವಾರ ಅವನು ಸದಾಶಿವ ಪೇಠೆಯ, ಒಂದೇ ಅಂಗಳದ ಸುತ್ತ ಬಾಡಿಗೆ ಮನೆಗಳಿದ್ದ ವಾಡೆಯ ತನ್ನ ಖೋಲಿಯಲ್ಲಿ, ಗೋಡೆಯ ಚೂರು ಕನ್ನಡಿಯ ಮುಂದೆ ದಾಡಿ ಮಾಡಿಕೊಳ್ಳುತ್ತಿದ್ದ. ಹೆಂಡತಿ ತಿಪ್ಪವ್ವ ರೇಷನ್ ಪಾಳಿಗೆ ಹೋಗಿದ್ದಳು, ಮಕ್ಕಳು ಸಾಲಿಗೆ. ಒಂದು ಗಲ್ಲ ಮುಗಿದಿತ್ತು, ಇನ್ನೊಂದರ ಮೇಲೆ ಸಾಬೂನಿನ ನೊರೆ ಹಾಗೇ ಇತ್ತು. ಅಂಗಳದಲ್ಲಿ ಒಂದು ದನಿ ಎದ್ದಿತು. "ಹುಸೇನ್ಯಾ. ಏ ಹುಸೇನ್ಯಾ." ಏಳು ವರ್ಷ ಈ ವಾಡೆಯಲ್ಲಿ ಯಾರೂ ಆಡದ ಶಬ್ದ. ಕತ್ತಿ ಹಿಡಿದ ಕೈ ಗಲ್ಲದಿಂದ ಒಂದು ಬೆರಳಿನಷ್ಟು ದೂರದಲ್ಲಿ ನಿಂತುಬಿಟ್ಟಿತು. ನಳದ ಹತ್ತಿರ ಬಟ್ಟೆ ಒಗೆಯುತ್ತಿದ್ದ ಮನೆಯೊಡತಿ ಕಾಕೂ ಮರಾಠಿಯಲ್ಲಿ ಯಾರು ಬೇಕು ಎಂದು ಕೇಳಿದಳು. ಕನ್ನಡದಲ್ಲಿ ಉತ್ತರ ಬಂತು, ಶೋರಾಪುರದ ಕಡೆಯ ದುಂಡು ಕನ್ನಡ. ಕಾಕೂಗೆ ಅರ್ಥವಾಗಿದ್ದು ಹೆಸರೊಂದೇ. "ಇಲ್ಲಿ ಮುಸಲ್ಮಾನರು ಯಾರೂ ಇಲ್ಲ ಆಜಿ, ಮುಂದೆ ಹೋಗಿ." ದನಿ ಇನ್ನೂ ಒಂದು ಸಲ ಕರೆಯಿತು, ಈಗ ಸ್ವಲ್ಪ ಮೆಲ್ಲಗೆ, ಅವನ ಬಾಗಿಲಿಗೆ ತೀರ ಹತ್ತಿರದಿಂದ. ಅವನು ಓ ಅನ್ನಲಿಲ್ಲ. ನೊರೆ ಒಣಗಿ ಚರ್ಮ ಎಳೆಯುವವರೆಗೆ ಕನ್ನಡಿಯಲ್ಲಿ ತನ್ನ ಬಾಯಿಯನ್ನು ನೋಡುತ್ತ ನಿಂತಿದ್ದ. ತುಂಬ ಹೊತ್ತಿನ ಮೇಲೆ ಬಾಗಿಲು ತೆಗೆದಾಗ ಅಂಗಳ ಖಾಲಿಯಿತ್ತು. ಅವನ ಕೆರ, ಊರಿನ ಸಮಗಾರ ಹೊಲಿದ ದಪ್ಪ ಕೆರ, ಹೋದ ವರ್ಷ ಅವ್ವನೇ ಯಾರದೋ ಕೈಯಲ್ಲಿ ಕಳಿಸಿದ್ದು, ಅವನು ಬಾಗಿಲ ಹೊರಗೆ ಒಂದೊಂದು ದಿಕ್ಕಿಗೆ ಬಿಟ್ಟು ಬಂದಿದ್ದ. ಈಗ ಎರಡನ್ನೂ ಯಾರೋ ಜೋಡಿಸಿ, ಹೊಸ್ತಿಲಿಗೆ ನೇರವಾಗಿ ಇಟ್ಟಿದ್ದರು.

ಹುಸೇನಪ್ಪ ಎಂಬ ಹೆಸರು ಅವ್ವ ಇಟ್ಟದ್ದು. ಮೂರು ಕೂಸು ಮಣ್ಣಿಗೆ ಕೊಟ್ಟ ಮೇಲೆ, ಮೊಹರಮ್ಮಿನಲ್ಲಿ ಅಲಾಯಿ ದೇವರಾದ ಹುಸೇನನ ಮುಂದೆ ಸೆರಗೊಡ್ಡಿ, ಈ ಸಲದ್ದು ಉಳಿದರೆ ನಿನ್ನ ಹೆಸರೇ ಕರೆಯುತ್ತೇನೆ ಅಂದಿದ್ದಳಂತೆ. ಅವರ ಕಡೆ ಓಣಿಗೊಬ್ಬ ಹುಸೇನಪ್ಪ ಇರುತ್ತಿದ್ದ. ಮನೆಯಲ್ಲಿ ಹಣಮಪ್ಪನ ಪಟವೂ ಇರುತ್ತಿತ್ತು, ಕೊರಳಲ್ಲಿ ಮೊಹರಮ್ಮಿನ ಹರಕೆಯ ಕೆಂಪು ದಾರ, ಲಾಡಿಯೂ ಇರುತ್ತಿತ್ತು, ಯಾರಿಗೂ ಅದು ಪ್ರಶ್ನೆಯೇ ಆಗಿರಲಿಲ್ಲ. ಪ್ರಶ್ನೆಯಾದದ್ದು ಪುಣೆಯಲ್ಲಿ. ಮೂರು ವಾಡೆಗಳಲ್ಲಿ ಖೋಲಿ ಖಾಲಿ ಇದ್ದದ್ದು ಹೆಸರು ಕೇಳಿದ ಮೇಲೆ ಖಾಲಿ ಇರಲಿಲ್ಲ. ಮೂರನೆಯ ಕಡೆ ಕೊಟ್ಟ ನೀರಿನ ಲೋಟವನ್ನು ಅವನ ಎದುರಿಗೇ ಬೂದಿ ಹಾಕಿ ತಿಕ್ಕಿದರು. ನಾಲ್ಕನೆಯ ಕಡೆ ಪಂಢರಿನಾಥ ಕಾಕಾ, ಅಂಚೆ ಕಚೇರಿಯಿಂದ ನಿವೃತ್ತರಾದವರು, ಬಾಗಿಲಿಗೆ ಬಂದು "ಹೆಸರು?" ಎನ್ನುವ ಮೊದಲೇ ಅವನ ಬಾಯಿಂದ "ಹಣಮಂತಪ್ಪ" ಎಂದು ಬಂದುಬಿಟ್ಟಿತ್ತು. ಅವರು ಕೂಡಲೇ ಕೀಲಿ ತಂದರು. ಇಷ್ಟು ಸುಲಭವಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ತಿಪ್ಪವ್ವ ಗಂಡನ ಹೆಸರು ಹೇಳುವವಳಲ್ಲ, ಮಕ್ಕಳು ಅಪ್ಪಾ ಅನ್ನುತ್ತಿದ್ದವು, ಟಾಕೀಸಿನಲ್ಲಿ ಅವನ ಮೈಕಟ್ಟು ನೋಡಿ ಎಲ್ಲರೂ ಪೈಲವಾನ ಎಂದೇ ಕರೆಯುತ್ತಿದ್ದರು. ಸುಳ್ಳಿಗೆ ನೀರು ಗೊಬ್ಬರ ಏನೂ ಬೇಕಾಗಲಿಲ್ಲ, ತಾನಾಗಿಯೇ ಬೆಳೆಯಿತು. ಹನುಮ ಜಯಂತಿಯ ದಿನ ಕಾಕಾ ಅವನನ್ನೇ ಮುಂದೆ ಕರೆದು, "ನಿನ್ನ ದೇವರು, ನೀನೇ ಒಡೆ" ಎಂದು ತೆಂಗಿನಕಾಯಿ ಕೈಗೆ ಕೊಡುತ್ತಿದ್ದರು. ಅವನು ಒಡೆಯುತ್ತಿದ್ದ. ವಾಡೆಯವರೆಲ್ಲ ಕೈ ಮುಗಿಯುತ್ತಿದ್ದರು. ಆಗ ಅವನಿಗೆ ನಾಚಿಕೆಯಾಗುತ್ತಿದ್ದುದು ಹಣಮಪ್ಪನ ಮುಂದಲ್ಲ, ಇನ್ನೊಬ್ಬನ ಮುಂದೆ.

ಪಂಢರಿನಾಥ ಕಾಕಾಗೆ ಕೊಲೆಯ ಸಿನಿಮಾದ ಹುಚ್ಚು. ಹುಸೇನಪ್ಪ ಗುರುವಾರದ ಮೂರರ ಆಟಕ್ಕೆ ಪಾಸು ತಂದುಕೊಡುತ್ತಿದ್ದ. ಮಧ್ಯಂತರದಲ್ಲಿ ಅವರು ಚಹಾದಂಗಡಿಯ ಕಟ್ಟೆಗೆ ಬಂದು ಕೊಲೆಗಾರ ಯಾರೆಂದು ಅವನ ಕಿವಿಯಲ್ಲಿ ಹೇಳುತ್ತಿದ್ದರು, ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಿರುತ್ತಿತ್ತು. "ಮೂವತ್ತು ವರ್ಷ ಲಕೋಟೆಯ ಮೇಲಿನ ಅಕ್ಷರ ನೋಡಿ ಒಳಗೆ ಏನಿದೆ ಅಂತ ಹೇಳಿದವನು ನಾನು. ನನ್ನಿಂದ ಯಾರು ಏನು ಮುಚ್ಚಿಡುತ್ತಾರೆ, ಹಣಮಂತಾ?" ಹೌದು ಕಾಕಾ ಎಂದು ಅವನು ಬಶಿಯಲ್ಲಿ ಚಹಾ ಸುರಿದು ಕೊಡುತ್ತಿದ್ದ.

ಆ ಗುರುವಾರವೂ ಅವರು ಮಫ್ಲರು ಸುತ್ತಿಕೊಂಡು ಬಂದು ತಮ್ಮ ಎಂದಿನ ಮೂಲೆಯ ಕುರ್ಚಿಗೆ ಹೋದರು. ದೆವ್ವ ಗಿವ್ವ ತಮಗೆ ಆಗದು, ಆದರೂ ನೋಡೋಣ, ಇದರ ಹಿಂದೆ ಯಾವನೋ ಮನುಷ್ಯನೇ ಇರುತ್ತಾನೆ ಎಂದು ಹೇಳಿಯೇ ಹೋದರು. ಜನ ಕಡಿಮೆಯಿತ್ತು. ಹುಸೇನಪ್ಪ ತಲೆ ಬಗ್ಗಿಸಿ ತಿಕೀಟು ಹರಿಯುತ್ತಿದ್ದ. ಬೆರಳುಗಳನ್ನು ನೋಡಿಯೇ ಜನ ಯಾರೆಂದು ಅವನಿಗೆ ತಿಳಿಯುತ್ತಿತ್ತು. ಮಸಿಯ ಬೆರಳು, ಮೆಹಂದಿಯ ಬೆರಳು. ಆಮೇಲೆ ಸಿಮೆಂಟು ತಿಂದು ಬಿರಿದ ಎರಡು ಬೆರಳುಗಳ ನಡುವೆ ಒಂದು ತಿಕೀಟು ಬಂತು. ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು, ಅವನು ಸಣ್ಣವನಿದ್ದಾಗ ಜೋಳ ಕೊಯ್ಯುವಾಗ ಕುಡುಗೋಲು ತಾಗಿದ್ದು. ಅವನು ತಲೆ ಎತ್ತಲಿಲ್ಲ.

"ತಗೋರಿ ಸಾಹೇಬ್ರ" ಎಂದಳು ಅವ್ವ. "ನಾವು ಎಲ್ಲಿ ಕೂಡಬೇಕ್ರಿ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಪೋಲೀಸನಿಗೋ ಕೂಲಿಯ ಮುಕಾದಮನಿಗೋ ಮಾತಾಡುವ ಹಾಗೆ, ಸೆರಗು ಎಳೆದುಕೊಂಡು, ಗೌರವ ಕೊಟ್ಟು ಮಾತಾಡಿದಳು. ಹಿಂದೆ ನಿಂತ ಗಟ್ಟಿ ಹೆಂಗಸು, ಅವ್ವ ಊರಿನಿಂದ ಕೂಲಿಗೆ ಬಂದಿದ್ದ ಕಾತ್ರಜದ ಕಟ್ಟಡದಲ್ಲಿ ಅವಳ ಜೊತೆ ಬುಟ್ಟಿ ಹೊರುವ ಹುಲಿಗೆವ್ವ, ಅವನನ್ನು ಎಂದೂ ಕಂಡವಳಲ್ಲ. "ಮುಂದಿನ ಕುರ್ಚಿ ಕೊಡ್ರಿ ಅಣ್ಣಾ, ಈ ಮುದುಕಿಗಿ ಕಣ್ಣ ಮಂಜ ಅದಾವ. ಇವತ್ತ ನಮಗ ಸೂಟಿ. ಪ್ಯಾಟಿ ನೋಡೂಣು ಬಾ ಅಂದ್ರ, ಇದೇ ಟಾಕೀಜು ಆಗಬೇಕಂತ ಹಟಾ ಹಿಡಿದು ಕರಕೊಂಡು ಬಂದಾಳ ನೋಡ್ರಿ."

ಅವನು ಬ್ಯಾಟರಿ ಹಚ್ಚಿ ಮುಂದೆ ನಡೆದ. ಬೆಳಕಿನ ದುಂಡು ಮೆಟ್ಟಿಲ ಮೇಲೆ ಅಲುಗುತ್ತಿತ್ತು. ಅವ್ವ ಒಂದೊಂದೇ ಮೆಟ್ಟಿಲು ಕಾಲಿನಿಂದ ತಡವಿ ಇಳಿದಳು. ಹಿಡಿಯಲು ಕೈ ಚಾಚಿದ. ಅವಳು ಅದನ್ನು ಕಾಣದವಳಂತೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಮಗ ಬಾಗಿಲು ಕಾಯುವ ಟಾಕೀಸು ಇದೇ ಎಂದು ಊರಿನವರು ಯಾರೋ ಹೇಳಿರಬೇಕು. ಸಾಲಿನ ತುದಿಯ ಎರಡು ಕುರ್ಚಿ ತೋರಿಸಿ ಬಾಗಿಲಿಗೆ ವಾಪಸು ಬಂದಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಆ ದಿನ ಕೂಗು ಬರುವಾಗ ಅವನು ಹೊರಗೆ ಹೋಗಲಿಲ್ಲ. ಹೋಗಿದ್ದರೆ ಅವ್ವನಿಂದ ಎರಡನೇ ಸಲ ಅಡಗಿಕೊಂಡಂತಾಗುತ್ತಿತ್ತು.

ಹವೇಲಿಯ ಬಾಗಿಲು ಪರದೆಯ ತುಂಬ ಬಂತು. ಆಚೆಯಿಂದ ತಾಯಿ ಕರೆದಳು. ಮಗ ಎದ್ದ, ಚಿಲಕದತ್ತ ಕೈ ಹೋಯಿತು. "ಉಘಡೂ ನಕೋ" ಎಂದು ಕೆಳಗಿನಿಂದ ಕೂಗು, ತೆಗೀಬ್ಯಾಡ, ತೆಗೀಬ್ಯಾಡ. ಗುರುವಾರವಾದ್ದರಿಂದ ಅರ್ಧ ಚೇಷ್ಟೆ ಇತ್ತು ಅದರಲ್ಲಿ. ಕೂಗು ಇಳಿಯುವ ಹೊತ್ತಿಗೆ ಅವ್ವನ ದನಿ, ಹೊಲದಿಂದ ಹೊಲಕ್ಕೆ ಮಾತಾಡಿ ರೂಢಿಯಾದ ದನಿ, ಕತ್ತಲಲ್ಲಿ ಎದ್ದಿತು. "ಯಾಕ ತೆಗೀಬಾರದು? ಪಾಪ, ಅಷ್ಟು ದೂರದಿಂದ ಬಂದಾಳ."

ಸುತ್ತಲೂ ನಗು. ಯಾರೋ ಮರಾಠಿಯಲ್ಲಿ ಸುಮ್ಮನೆ ಕೂಡು ಮುದುಕಿ ಎಂದ. ಹುಲಿಗೆವ್ವ ಅಂಜಿದವಳಂತೆ, "ಆಕಿ ಸತ್ತಾಳ ಬೇ, ಸತ್ತಾಕಿ ಆಕಿ" ಎಂದು ತಿಳಿಸಿ ಹೇಳಿದಳು. "ಸತ್ತರೇನಾತು?" ಎಂದಳು ಅವ್ವ. "ಕೊಲ್ಲಾಕ ಬಂದಾಳೋ, ಮಾರಿ ನೋಡಾಕ ಬಂದಾಳೋ, ತೆಗೆದ್ರ ತಾನ ಗೊತ್ತಾಗೂದು?" ಹುಸೇನಪ್ಪ ಪರದೆಗೆ ಬೆನ್ನು ಮಾಡಿ ಅವಳ ಮುಖವನ್ನು ನೋಡಿದ. ಸಾವಿರಾರು ಮುಖಗಳನ್ನು ಆ ಬೆಳಕಿನಲ್ಲಿ ನೋಡಿದ್ದ. ಇದರಲ್ಲಿ ಹೆದರಿಕೆಯ ಗುರುತೇ ಇರಲಿಲ್ಲ. ಅವಳು ಆ ಚಿಲಕವನ್ನು, ಒಲೆಯ ಮೇಲಿನ ಹಾಲನ್ನು ನೋಡುವ ಹಾಗೆ, ಸುಮ್ಮನೆ ಕಾದು ನೋಡುತ್ತಿದ್ದಳು.

ಮಧ್ಯಂತರದಲ್ಲಿ ಹುಲಿಗೆವ್ವ ಕುರ್ಚಿ ಬಿಟ್ಟು ಏಳಲಿಲ್ಲ. ಅವ್ವ ಒಬ್ಬಳೇ ಹೊರಗೆ ಬಂದು ಕಂಬಕ್ಕೆ ಆತು ನಿಂತಳು. ಪಂಢರಿನಾಥ ಕಾಕಾ ಮಫ್ಲರು ಬಿಚ್ಚುತ್ತ ಚಹಾದಂಗಡಿಗೆ ಬಂದರು.

"ದೆವ್ವವೂ ಇಲ್ಲ, ಏನೂ ಇಲ್ಲ. ಹವೇಲಿಯ ಲೆಕ್ಕ ಬರೆಯುವ ಆ ಮುನೀಮ ಹೆಣ್ಣು ದನಿ ತೆಗೆಯುತ್ತಿದ್ದಾನೆ, ಆಸ್ತಿಗಾಗಿ. ಬರೆದಿಟ್ಟುಕೋ." ಬಶಿ ಬಾಯಿಗೆ ಒಯ್ಯುವಾಗ ಅವರ ಕಣ್ಣು ಕಂಬದತ್ತ ಹೋಯಿತು. "ಒಳಗೆ ಕೂಗಿದ್ದು ಈ ಅಜ್ಜಿಯೇ ಅಲ್ಲವೇ? ನಿಮ್ಮ ಕನ್ನಡದವಳು. ಏನಂದಳು ಕೇಳು, ಎಲ್ಲರೂ ನಕ್ಕರು."

ಹುಸೇನಪ್ಪ ಅವ್ವನತ್ತ ತಿರುಗಿದ. ಮೂರು ದಿನದ ಮೇಲೆ, ಇಲ್ಲ, ಊರಿಗೆ ಹೋಗಿ ಬಂದ ಒಂದೂವರೆ ವರ್ಷದ ಮೇಲೆ ಅವಳ ಕಣ್ಣು ನೋಡಿದ. "ಇವರು ಕೇಳಾಕತ್ತಾರ, ಸಿನಿಮಾ ಹ್ಯಾಂಗನಿಸ್ತಂತ."

"ಛಲೋ ಅದ ಅಂತ ಹೇಳ್ರಿ. ಹುಡುಗ ಅಂಜುಬುರಕ, ಅಷ್ಟ ತಪ್ಪು. ಕೆಟ್ಟಾಂವ ಅಲ್ಲ."

ಅವನು ಮರಾಠಿಯಲ್ಲಿ ಹೇಳಿದ. ಕಾಕಾ ತಲೆದೂಗಿದರು, ಅಜ್ಜಿಗೆ ಬುದ್ಧಿಯಿದೆ ಎಂದರು. ಆಮೇಲೆ ಬಶಿ ಕೆಳಗಿಟ್ಟು, ಲಕೋಟೆಯ ಅಕ್ಷರ ನೋಡುವಂತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿದರು. "ತಡಿ. ಸೋಮವಾರ ನಮ್ಮ ವಾಡೆಗೆ ಒಬ್ಬ ಕನ್ನಡದ ಮುದುಕಿ ಬಂದಿದ್ದಳಂತೆ, ಯಾವನೋ ಹುಸೇನನನ್ನು ಹುಡುಕಿಕೊಂಡು. ನಮ್ಮವಳು ಹೇಳುತ್ತಿದ್ದಳು, ಕೈ ತುಂಬ ಹಸಿರು ಬಳೆ, ಹಣೆಯ ಮೇಲೆ ರೂಪಾಯಿಯಷ್ಟು ಕುಂಕುಮ, ಕೇಳುವುದು ಹುಸೇನನನ್ನು, ಏನು ವಿಚಿತ್ರ ಅಂತ. ಇವಳೇ ಏನು, ಕೇಳು."

ಕಾಂತಪ್ಪ ಲೋಟ ತೊಳೆಯುವುದನ್ನು ನಿಲ್ಲಿಸಿದ್ದ. ಹುಸೇನಪ್ಪ ಪ್ರಶ್ನೆಯನ್ನು ಕನ್ನಡಕ್ಕೆ ತಂದ, ಒಂದು ಶಬ್ದವನ್ನೂ ಬಿಡಲಿಲ್ಲ. ಬಿಟ್ಟಿದ್ದರೂ ಅವ್ವನಿಗೆ ಗೊತ್ತಾಗುತ್ತಿತ್ತು; ಸೋಮವಾರ ಎನ್ನುವುದು ಎರಡೂ ಭಾಷೆಗೆ ಒಂದೇ. ಅವಳು ಕಾಕಾರ ಮುಖ ನೋಡಿದಳು, ಮಗನ ಮುಖ ನೋಡಿದಳು. ಲೆಕ್ಕ ಬೇಗ ಹಾಕುವವಳು. ಯಾರ ಕೈಯಲ್ಲಿ ಖೋಲಿಯ ಕೀಲಿ ಇದೆ ಎಂಬುದು ಅವಳಿಗೆ ತಿಳಿಯಿತು.

"ಹೌದ್ರಿ, ನಾನ ಬಂದಿದ್ದೆ ಅಂತ ಹೇಳು" ಎಂದಳು. ಅವಳ ದನಿ ಇಳಿಯಿತು, ಬಹುವಚನ ಜಾರಿ ಬಿತ್ತು. "ಮನಿ ತಪ್ಪಿ ಬಂದಿದ್ದೆ ಅಂತ ಹೇಳಪಾ. ನನ್ನ ಮಗ ಅಲ್ಲಿ ಇಲ್ಲ, ಬ್ಯಾರೆ ಕಡೆ ಅದಾನ, ಸಿಕ್ಕಾನ ಅಂತ ಹೇಳು. ಹೇಳು, ಬಾಯಿ ಬಿಡು. ಯಾಕ ನಿಂತಿ?"

ಕಾಕಾ ಅವನ ಬಾಯಿಯನ್ನೇ ನೋಡುತ್ತಿದ್ದರು. ಸುಲಭವಿತ್ತು. ಅವಳೇ ಹೊಲಿದು ಕೊಟ್ಟಿದ್ದಳು, ತೊಟ್ಟುಕೊಂಡರೆ ಸಾಕಿತ್ತು. ಅವನ ಏಳು ವರ್ಷ, ತಿಪ್ಪವ್ವನ ನಳದ ಪಾಳಿ, ಮಕ್ಕಳ ಸಾಲಿ, ಎಲ್ಲವೂ ಆ ಒಂದು ವಾಕ್ಯದಿಂದ ಉಳಿಯುತ್ತಿದ್ದವು, ಅದೂ ಅವ್ವನದೇ ವಾಕ್ಯ, ಅವನು ಬರೀ ಮರಾಠಿ ಮಾಡಿದಂತಾಗುತ್ತಿತ್ತು. "ಇವಳು ಹೇಳುತ್ತಾಳೆ" ಎಂದು ಶುರು ಮಾಡಿದ. ಅವ್ವ ಅವನ ತುಟಿ ನೋಡುತ್ತಿದ್ದಳು, ಒಂದು ಅಕ್ಷರ ತಿಳಿಯದಿದ್ದರೂ, ಸರಿಯಾಗಿ ಹೇಳುತ್ತಾನೋ ಇಲ್ಲವೋ ಎಂದು ತನ್ನ ತುಟಿಯನ್ನೂ ಅಲುಗಿಸುತ್ತ. ಮಾತು ಕಲಿಯುವ ಕೂಸಿನ ಎದುರು ತಾಯಂದಿರು ಹಾಗೆ ಅಲುಗಿಸುತ್ತಾರೆ.

"ಇವಳು ಹೇಳುವುದು ಸುಳ್ಳು, ಕಾಕಾ" ಎಂದ. "ನನ್ನ ತಾಯಿ ಇವಳು. ಹುಸೇನಪ್ಪ ಅಂದರೆ ನಾನೇ. ಸೋಮವಾರ ನಾನು ಒಳಗೇ ಇದ್ದೆ."

ಕಾಕಾರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ಪೆಟ್ಟು ತಿಂದ ಕಳೆ. "ಮುಸಲ್ಮಾನನೇನು ನೀನು?"

"ಅಲ್ಲ, ಅಲ್ಲ" ಎಂದ, ಅವಸರದಿಂದ ಎರಡು ಸಲ. ಹರಕೆಯದು, ನಮ್ಮ ಕಡೆಯ ಪದ್ಧತಿ ಎಂದೆಲ್ಲ ವಿವರಿಸಿದ. ವಿವರಿಸುತ್ತಿದ್ದಂತೆ, ಅಲ್ಲ ಎಂದದ್ದಕ್ಕೇ ನಾಚಿಕೆಯಾಯಿತು. ಬೂದಿ ಹಾಕಿ ಲೋಟ ತಿಕ್ಕಿದವರ ಸಾಲಿನಲ್ಲಿ ತಾನೂ ಹೋಗಿ ಕೂತಂತಾಯಿತು. ಮಾತನ್ನು ಅರ್ಧಕ್ಕೇ ನಿಲ್ಲಿಸಿದ.

"ಇಷ್ಟೇ ಆಗಿದ್ದರೆ ಅವತ್ತೇ ಹೇಳಬಹುದಿತ್ತಲ್ಲ."

"ಮೂರು ಕಡೆ ಹೆಸರು ಹೇಳಿದೆ ಕಾಕಾ. ಅದರ ಮುಂದಿನದನ್ನು ಯಾರೂ ಕೇಳಲಿಲ್ಲ. ನಾಲ್ಕನೆಯ ಕಡೆ ನನಗೆ ಧೈರ್ಯ ಆಗಲಿಲ್ಲ."

"ಏಳು ವರ್ಷ" ಎಂದರು ಅವರು. "ಕಟ್ಟೆಯ ಮೇಲೆ ನನ್ನ ಎದುರಿಗೆ ಕೂತು, ಕೊಲೆಗಾರ ಯಾರು ಹೇಳಿ ಕಾಕಾ ಅಂತ ಕೇಳುತ್ತಿದ್ದೆ." ಮಫ್ಲರು ಮತ್ತೆ ಕೊರಳಿಗೆ ಸುತ್ತಿದರು, ಒಂದು ತುದಿ ಎದೆಯ ಮೇಲೆ ಸರಿಯಾಗಿ ಕೂಡಲಿಲ್ಲ. "ಮನೆಯಲ್ಲಿ ಅವಳಿಗೆ ಏನು ಹೇಳಲಿ ನಾನು?" ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ರಸ್ತೆಗೆ ಹೋದರು. ಸಿನಿಮಾ ಅರ್ಧಕ್ಕೆ ಬಿಟ್ಟು ಅವರು ಹೋದದ್ದನ್ನು ಹುಸೇನಪ್ಪ ಈವರೆಗೆ ಎಂದೂ ನೋಡಿರಲಿಲ್ಲ.

"ಏನಂದಿ ನೀ ಅವಗ?" ಎಂದಳು ಅವ್ವ.

"ಖರೇನ ಹೇಳಿದೆ."

"ಹುಚ್ಚ ಇದ್ದಿ. ನಾ ಹೇಳಿಕೊಟ್ಟಿದ್ನೆಲ್ಲೋ." ಅವಳು ಕಣ್ಣು ಒರೆಸಿಕೊಳ್ಳಲಿಲ್ಲ, ಅವನೇ ತೋಳಿನಿಂದ ಮೂಗು ಒರೆಸಿಕೊಂಡ. "ಖೋಲಿ ಬಿಡಸ್ತಾರೇನು?"

"ಗೊತ್ತಿಲ್ಲವ್ವಾ."

"ಬಿಡಿಸಿದ್ರ?"

"ನಿಮ್ಮ ಕಾತ್ರಜದ ಝೋಪಡ್ಯಾಗ ಜಾಗಾ ಇಲ್ಲೇನು?"

"ಅದು ತಗಡಿಂದು. ನಿನ್ನ ಹೇಣ್ತಿ ಪುಣೇದಾಕಿ ಆಗ್ಯಾಳ, ಬರ್ತಾಳೇನು?" ಹೇಳಿ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. "ಮಕ್ಕಳಿಗಿ ಲಾಡಿ ತಂದೀನಿ. ಅವತ್ತ ವಾಪಸ್ ಒಯ್ದೆ. ಈಗ ಸಾಲಿ ಬಿಟ್ಟಿರತದಲ್ಲ? ನಡಿ."

ಮಧ್ಯಂತರ ಮುಗಿದ ಗಂಟೆ ಹೊಡೆಯಿತು. ಕಾಂತಪ್ಪ ಏನೂ ಕೇಳದೆ ಕೈ ಚಾಚಿ ಬ್ಯಾಟರಿ ತೆಗೆದುಕೊಂಡ. "ಹೋಗಿ ಬಾ ಮಾರಾಯ. ಗುರುವಾರ ಯಾರು ಬರ್ತಾರೆ, ನಾನೇ ನಿಲ್ತೇನೆ ಬಾಗಿಲಿಗೆ." ಒಳಗಿನಿಂದ ಹುಲಿಗೆವ್ವನನ್ನು ಕರೆದರೆ, ತಾನು ಪೂರಾ ನೋಡದೆ ಬರುವವಳಲ್ಲ, ನೀವು ಬೇಕಾದರೆ ಹೋಗಿ ಬನ್ನಿ ಎಂದು ಹೇಳಿ ಕಳಿಸಿದಳು.

ನಾಲ್ಕೂವರೆಯ ಬಿಸಿಲು ಪೇಠೆಯ ಓಣಿಯಲ್ಲಿ ಓರೆಯಾಗಿ ಬಿದ್ದಿತ್ತು. ಸೈಕಲ್ಲುಗಳು, ಕ್ಲಾಸಿಗೆ ಹೊರಟ ಹುಡುಗಿಯರು, ಭಾಕರಿ ಹಿಟ್ಟಿನ ಗಿರಣಿಯ ಸದ್ದು. ಮೂವತ್ತು ಮಾರು ಮುಂದೆ ಪಂಢರಿನಾಥ ಕಾಕಾ ಹೋಗುತ್ತಿದ್ದರು, ಹೋಗುವ ದಾರಿ ಒಂದೇ ಆದ್ದರಿಂದ ಇವರು ಅವರ ಹಿಂದೆ ಹೋಗಲೇಬೇಕಾಗಿತ್ತು. ಅವರು ಎಂದಿಗಿಂತ ಮೆಲ್ಲಗೆ ನಡೆಯುತ್ತಿದ್ದರು. ಅದಕ್ಕೆ ಹುಸೇನಪ್ಪನೂ ಮೆಲ್ಲಗಾದ, ಹತ್ತಿರವಾಗಬಾರದೆಂದು. ಅವರು ಮನೆ ಮುಟ್ಟಿ ಕಾಕೂಗೆ ಹೇಳಿ, ಆಮೇಲೆ ತಾವು ಹೋದರೆ ನೆಟ್ಟಗಾಗುತ್ತದೋ, ಮೊದಲೇ ಹೋದರೆ ನೆಟ್ಟಗಾಗುತ್ತದೋ ಅವನಿಗೆ ತಿಳಿಯಲಿಲ್ಲ. ವಾಡೆಯ ತಿರುವಿನಲ್ಲಿ, ಔಷಧಿ ಅಂಗಡಿಯ ಮುಂದೆ, ಕಾಕಾ ನಿಂತುಬಿಟ್ಟರು. ಬೆನ್ನು ಇತ್ತ. ತಿರುಗಿ ನೋಡಲಿಲ್ಲ, ಮುಂದೆಯೂ ಹೋಗಲಿಲ್ಲ. ಹುಸೇನಪ್ಪನೂ ನಿಂತ.

"ಯಾಕ ನಿಂತಾರ ಅವರು?"

"ಗೊತ್ತಿಲ್ಲ."

"ನಮ್ಮ ಸಲುವಾಗಿ ನಿಂತಾರೋ, ನಮ್ಮನ್ನ ತಡ್ಯಾಕ ನಿಂತಾರೋ?"

"ಅದ ಗೊತ್ತಾಗವಲ್ದು."

"ಇಲ್ಲಿ ನಿಂತ್ರ ಹ್ಯಾಂಗ ಗೊತ್ತಾಗ್ತದ?" ಎಂದಳು ಅವ್ವ. ಅವನ ಮುಂಗೈ ಹಿಡಿದುಕೊಂಡಳು, ಕಣ್ಣು ಮಂಜಾದವರು ರಸ್ತೆಯಲ್ಲಿ ಹಿಡಿಯುವಂತೆ ಗಟ್ಟಿಯಾಗಿ, ಮತ್ತು ನಡೆಯತೊಡಗಿದಳು. ಇಪ್ಪತ್ತು ಮಾರು, ಹತ್ತು ಮಾರು. ಮಫ್ಲರಿನ ಹೆಣಿಗೆ ಕಾಣುವಷ್ಟು ಹತ್ತಿರ ಬಂದಾಗ, ಹೆಜ್ಜೆಯ ಸಪ್ಪಳಕ್ಕೆ ಮುದುಕರು ಒಂದು ಪಕ್ಕಕ್ಕೆ ಸರಿದರು. ಓಣಿ ಅಗಲವಿರಲಿಲ್ಲ. ಮೂವರೂ ಒಟ್ಟಿಗೆ ತಿರುವಿನಲ್ಲಿ ಒಂದು ಗಳಿಗೆ ನಿಂತರು, ಯಾರೂ ಯಾರ ಮುಖವನ್ನೂ ನೋಡದೆ, ಯಾರು ಮೊದಲು ಒಳಗೆ ಹೋಗಬೇಕೆಂದು ತಿಳಿಯದೆ. ಆಮೇಲೆ ಕಾಕಾ ಗಂಟಲು ಸರಿಮಾಡಿಕೊಂಡು, ಗೋಡೆಯನ್ನು ನೋಡುತ್ತ, ಮರಾಠಿಯಲ್ಲಿ ಹೇಳಿದರು: "ಹೊಸ್ತಿಲು ಎತ್ತರ ಇದೆ. ಅಜ್ಜಿಗೆ ಹೇಳು."

ಹುಸೇನಪ್ಪ ಅದನ್ನು ಕನ್ನಡದಲ್ಲಿ ಹೇಳಿದ.